ಕಜ್ಜಿ ಒಬ್ಬನಿಗೆ ಬರೋದಿಲ್ಲ

(ವಿದ್ಯಾರ್ಥಿನಿಲಯದ ಹುಡುಗರ ಸಭೆಯಲ್ಲಿ ಆಡಿದ ಮಾತು)



ಆರೋಗ್ಯ, ಶಿಕ್ಷಣ, ಸಮಾನತೆ ಈ ಮೂರರ ಬಗ್ಗೆ ಮಾತಾಡಬೇಕು ಅಂತ ನನ್ನ ಕೈಗೆ ಚೀಟಿ ಕೊಟ್ಟಿದ್ದಾರೆ. ಮೂರೂ ದೊಡ್ಡ ಮಾತುಗಳು. ನಾನು ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಬಿ.ಎ. ಮುಗಿಸಿ ಒಂದಿಷ್ಟು ಪದ್ಯ ಬರೆದುಕೊಂಡು ಓಡಾಡುತ್ತಿರುವವನು. ಈ ಮೂರೂ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಬೆರಳ ಸಂದಿಯಲ್ಲಿ ಎದ್ದ ಕಜ್ಜಿಯಿಂದ.

ನಗಬೇಡಿ. ನಗುತ್ತಿರುವವರಲ್ಲೇ ಇಬ್ಬರು ಮೂವರು ಸೊಂಟ ಕೆರೆದುಕೊಳ್ಳುತ್ತಿರೋದು ಇಲ್ಲಿಂದ ಕಾಣ್ತಾ ಇದೆ.

ನಾನಿದ್ದ ಹಾಸ್ಟೆಲಿನಲ್ಲಿ ಒಂದು ಹಾಲಿಗೆ ನಾವು 22 ಹುಡುಗರು. ಚಾಪೆಗೆ ಚಾಪೆ ತಾಗಿಸಿ ಮಲಗಬೇಕು. ಚಳಿಗಾಲದಲ್ಲಿ ಇಬ್ಬರಿಗೆ ಒಂದು ಕಂಬಳಿ. ಅಂಗಳದಲ್ಲಿ ಒಂದೇ ನಲ್ಲಿ, ಅದರಲ್ಲೂ ದಿನ ಬಿಟ್ಟು ದಿನ ನೀರು. ಟವೆಲ್ಲು ಯಾರದು ಯಾರಿಗೆ ಅಂತ ಲೆಕ್ಕವೇ ಇರಲಿಲ್ಲ. ನನ್ನ ಪಕ್ಕದ ಚಾಪೆಯವನಿಗೆ ಮೊದಲು ಶುರುವಾಯಿತು. ಅವನ ಹೆಸರು ಹೇಳೋದಿಲ್ಲ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ನಾವು ಸ್ಲೇಟು ಹುಡುಕುವಷ್ಟರಲ್ಲಿ ಅವನು ಉತ್ತರ ಹೇಳಿರುತ್ತಿದ್ದ. ರಾತ್ರಿ ದೀಪ ಆರಿಸಿದ ಮೇಲೆ ಅವನು ಕೆರೆದುಕೊಳ್ಳೋ ಸದ್ದು. ಹೊಟ್ಟೆ, ತೊಡೆ ಸಂದಿ, ಮಣಿಕಟ್ಟು. ಬೆಳಿಗ್ಗೆ ನೋಡಿದರೆ ಅಂಗಿಗೆ ರಕ್ತದ ಚುಕ್ಕೆ.

ಸ್ಕೂಲಿನಲ್ಲಿ ಮೇಷ್ಟ್ರು ಅವನನ್ನ ಹಿಂದೆ ಒಬ್ಬನೇ ಕೂರಿಸಿದರು. ‘ನಿಮ್ಮೋರಿಗೆ ಸ್ನಾನ ಅನ್ನೋದೇ ಗೊತ್ತಿಲ್ವಲ್ಲಯ್ಯ’ ಅಂದರು. ಅವನ ನೋಟ್‌ಬುಕ್ಕನ್ನು ಕೈಯಲ್ಲಿ ಮುಟ್ಟಲಿಲ್ಲ. ಮೇಜಿನ ಮೇಲೆ ಇಡಿಸಿ, ಸ್ಕೇಲಿನಿಂದ ಹಾಳೆ ತಿರುಗಿಸಿ ನೋಡಿದರು. ಲೆಕ್ಕ ಎಲ್ಲಾ ಸರಿ ಇತ್ತು. ಆದರೂ ರೈಟು ಹಾಕಲಿಲ್ಲ, ಪೆನ್ನು ಆ ಪುಸ್ತಕಕ್ಕೆ ತಾಗಬೇಕಾಗುತ್ತಲ್ಲ. ವಾರ್ಡನ್ನು ‘ವಾಸಿ ಮಾಡಿಸಿಕೊಂಡು ಬಾ’ ಅಂತ ಊರಿಗೆ ಕಳಿಸಿದರು. ಅರ್ಧವಾರ್ಷಿಕ ಪರೀಕ್ಷೆಗೆ ಎಂಟು ದಿನ ಇತ್ತು. ಅವನು ಮತ್ತೆ ಬರಲಿಲ್ಲ. ಅವರಪ್ಪ ಇಟ್ಟಿಗೆ ಗೂಡಿನಲ್ಲಿ ಮುಂಗಡ ಹಣ ತಗೊಂಡಿದ್ದರು. ಮನೆಯಲ್ಲಿ ಸುಮ್ಮನೆ ಕೂತ ಹುಡುಗನನ್ನ ಗೂಡು ಬಿಡುತ್ತದೆಯೇ?

ಇಲ್ಲಿಯವರೆಗೆ ಮೇಷ್ಟ್ರನ್ನೂ ವಾರ್ಡನ್ನನ್ನೂ ಬೈದೆ. ಈಗ ನನ್ನದೂ ಹೇಳಬೇಕು. ಅವನು ಹೋಗುವ ಹಿಂದಿನ ರಾತ್ರಿ ನಾನು ನನ್ನ ಚಾಪೆಯನ್ನ ಒಂದು ಮೊಳ ಆಚೆಗೆ ಎಳೆದುಕೊಂಡೆ. ಅವನು ನೋಡಿದ. ಏನೂ ಅನ್ನಲಿಲ್ಲ, ಆ ಕಡೆ ತಿರುಗಿ ಮಲಗಿದ. ಊರಿನವರು ನಮ್ಮಪ್ಪನಿಗೆ ಮಾಡಿದ್ದನ್ನ ನಾನು ನನ್ನ ಗೆಳೆಯನಿಗೆ ಮಾಡಿದ್ದೆ. ಅವನು ಹೋಗಿ ಮೂರು ವಾರಕ್ಕೆ ನನ್ನ ಬೆರಳ ಸಂದಿ ತುರಿಸೋಕೆ ಶುರುವಾಯಿತು. ತಿಂಗಳೊಳಗೆ ಹಾಲಿನ ಮುಕ್ಕಾಲು ಹುಡುಗರಿಗೆ ಹತ್ತಿತ್ತು.

ಅದು ಯಾಕೆ ಹಾಗಾಯಿತು ಅಂತ ಆಮೇಲೆ ತಿಳಿದುಕೊಂಡೆ. ಕಜ್ಜಿ ಅನ್ನೋದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳುವಿನ ಕೆಲಸ. ಅರ್ಧ ಮಿಲಿಮೀಟರೂ ಇಲ್ಲ. ಹೆಣ್ಣು ಹುಳು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಮೈಗೆ ಮೈ ತಾಗಿಸಿಕೊಂಡು ಹೆಚ್ಚು ಹೊತ್ತು ಇದ್ದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮೊದಲ ಸಲ ಹತ್ತಿದವನಿಗೆ ನಾಲ್ಕರಿಂದ ಆರು ವಾರದವರೆಗೂ ತುರಿಕೆ ಕಾಣದೆ ಇರಬಹುದು. ಆದರೆ ಅಷ್ಟರೊಳಗೇ ಅವನು ಇನ್ನೊಬ್ಬನಿಗೆ ದಾಟಿಸಿರುತ್ತಾನೆ. ಅಂದರೆ ನನ್ನ ಗೆಳೆಯನನ್ನ ಊರಿಗೆ ಕಳಿಸಿದ ದಿನವೇ ಹುಳು ನನ್ನ ಮೈಮೇಲೆ ಇತ್ತು. ಹುಡುಗನನ್ನ ಕಳಿಸಿದರು, ಹುಳುವನ್ನ ಇಟ್ಟುಕೊಂಡರು.

ಇದು ಕೊಳಕರಿಗೆ ಬರೋ ರೋಗ ಅನ್ನೋದು ಸುಳ್ಳು. ದಿನಾ ಎರಡು ಸಲ ಸೋಪು ಹಚ್ಚಿ ಮಿಂದವನಿಗೂ ಬರುತ್ತದೆ. ಸೋಪಿನಿಂದ ಹೋಗುವುದೂ ಇಲ್ಲ. ಇದು ಇಕ್ಕಟ್ಟಿನ ರೋಗ. ಹತ್ತು ಜನರ ಜಾಗದಲ್ಲಿ 22 ಜನರನ್ನ ಮಲಗಿಸಿದರೆ ಯಾವ ಜಾತಿಯವರಿಗಾದರೂ ಬರುತ್ತದೆ. ಆದರೆ ಈ ದೇಶದಲ್ಲಿ ಇಕ್ಕಟ್ಟಿನಲ್ಲಿ ಮಲಗುವವರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜಾಗ ಕೊಡದೆ, ನೀರು ಕೊಡದೆ, ಆಮೇಲೆ ‘ನೋಡ್ರೀ, ಇವರು ಎಷ್ಟು ಗಲೀಜು’ ಅನ್ನೋದು ಹಳೇ ಆಟ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ನಿರ್ಲಕ್ಷಿತ ಅನ್ನೋ ಪದ ಅವರು ರೋಗಕ್ಕೆ ಇಟ್ಟಿದ್ದಾರೆ. ನಾನು ಅದನ್ನ ರೋಗಿಗೆ ಅಂತ ಓದಿಕೊಳ್ತೀನಿ.

ನಮ್ಮ ಹಾಲಿನ ಕಜ್ಜಿ ವಾಸಿ ಮಾಡಿದವರು ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ಸಿಸ್ಟರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ. ‘ಎಲ್ಲಿ, ಕೈ ಕೊಡು ಮಗ’ ಅಂದರು. ನನ್ನ ಕೈಯನ್ನ ತಮ್ಮ ಕೈಯೊಳಗೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡಿದರು. ನಮ್ಮವ್ವನನ್ನು ಬಿಟ್ಟರೆ ಆ ವರ್ಷ ನನ್ನ ಕೈಯನ್ನ ಹಾಗೆ ಹಿಡಿದವರು ಅವರೊಬ್ಬರೇ. ‘ನಿನ್ನ ಪಕ್ಕ ಎಷ್ಟು ಜನ ಮಲಗ್ತಾರೆ?’ ಅಂತ ಕೇಳಿದರು. ಮೇಷ್ಟ್ರೂ ಕೇಳದ, ವಾರ್ಡನ್ನೂ ಕೇಳದ ಪ್ರಶ್ನೆ ಅದು. ಅವತ್ತೇ ಸಾಯಂಕಾಲ ಬಿಳೀ ಲೋಷನ್ನಿನ ಬಾಟಲಿಗಳನ್ನ ಹಿಡಿದು ಹಾಸ್ಟೆಲಿಗೆ ಬಂದರು. ತುರಿಕೆ ಇದ್ದವನಿಗೂ ಇಲ್ಲದವನಿಗೂ, ಅಡಿಗೆಯವರಿಗೂ, ಎಲ್ಲರಿಗೂ ಒಂದೇ ರಾತ್ರಿ ಹಚ್ಚಿಸಿದರು. ಗಾಯಕ್ಕೆ ತಾಗಿ ಉರಿ ಅಂದರೆ ಉರಿ. 21 ಹುಡುಗರು ಅಂಗಳದಲ್ಲಿ ಚಡ್ಡಿಯಲ್ಲಿ ಕುಣಿದದ್ದು ನೋಡಬೇಕಿತ್ತು. ಸಿಸ್ಟರು ಹೇಳಿದ ದಿನ ಇನ್ನೊಂದು ಸಲ ಹಚ್ಚಿಕೊಂಡೆವು. ಅಷ್ಟಕ್ಕೇ ಮುಗಿಯಿತು. ಇಷ್ಟಕ್ಕೆ ಒಬ್ಬ ಹುಡುಗನ ಓದು ಹೋಗಿತ್ತು.

ಮುಟ್ಟಿ ನೋಡದ ವೈದ್ಯದ ಕಥೆ ಬಾಬಾಸಾಹೇಬರು ಬರೆದಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಅನ್ನೋ ಸಣ್ಣ ಪುಸ್ತಕ. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ತರಿಸಿ. ಅದರಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಪತ್ರದ ಸಂಗತಿ ಇದೆ. 1929ರಲ್ಲಿ ಗಾಂಧಿಯವರ ‘ಯಂಗ್ ಇಂಡಿಯಾ’ದಲ್ಲಿ ಅದು ಅಚ್ಚಾಗಿತ್ತು. ಮೇಷ್ಟ್ರ ಹೆಂಡತಿ ಹಸಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಕಾಲಿಡೋದಿಲ್ಲ ಅಂದ. ಬಾಣಂತಿಯನ್ನ ಕೂಸಿನ ಸಮೇತ ಕೇರಿಯ ಹೊರಗೆ ತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಮೇಷ್ಟ್ರಿಗೆ ಕೊಟ್ಟರು, ಮೇಷ್ಟ್ರು ಹೆಂಡತಿಗೆ ಇಟ್ಟರು. ಬಂದ ದಾರಿಯಲ್ಲೇ ಅದು ವಾಪಸ್ಸು ಹೋಯಿತು. ದೀಪದ ಬೆಳಕಿನಲ್ಲಿ ಅದನ್ನ ನೋಡಿ ನ್ಯುಮೋನಿಯಾ ಅಂದು ಡಾಕ್ಟರು ಹೊರಟುಹೋದ. ಔಷಧಿ ಕಳಿಸಿದ, ಮತ್ತೆ ಬಂದು ನೋಡಲಿಲ್ಲ. ಆಕೆ ಸತ್ತಳು.

ಆ ಗಂಡ ಯಾರು ನೋಡಿ. ಓದಿದವನು, ಮಕ್ಕಳಿಗೆ ಅಕ್ಷರ ಕಲಿಸುವವನು. ಅವನ ಅಕ್ಷರಕ್ಕೆ ಆ ಥರ್ಮಾಮೀಟರು ನೆಟ್ಟಗೆ ಒಂದು ಕೈಯಿಂದ ಇನ್ನೊಂದು ಕೈಗೆ ಬರುವಂತೆ ಮಾಡಲು ಆಗಲಿಲ್ಲ. ಓದಿದರೆ ಎಲ್ಲಾ ಸರಿಹೋಗುತ್ತದೆ ಅಂತ ನಮಗೆ ಹೇಳುವವರು ಈ ಕಥೆಯನ್ನ ಹೇಳೋದಿಲ್ಲ. ನಾನು ಮೊದಲ ಸಲ ಅದನ್ನ ಓದಿದಾಗ ನನಗೆ ಕಂಡದ್ದು ಥರ್ಮಾಮೀಟರಲ್ಲ, ಮೇಷ್ಟ್ರ ಕೈಯಲ್ಲಿದ್ದ ಆ ಸ್ಕೇಲು.

ಇನ್ನೊಂದು ಕಡೆ ಸಾವಿತ್ರಿಬಾಯಿ ಫುಲೆ ಇದ್ದಾರೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು ಅಂತ ನಮಗೆಲ್ಲಾ ಗೊತ್ತು. ಸತ್ತದ್ದು ಹೇಗೆ ಅಂತ ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ. 1897ರಲ್ಲಿ ಪುಣೆಗೆ ಪ್ಲೇಗು ಬಡಿದಾಗ ಅವರಿಗೆ 66 ವರ್ಷ. ಮಗ ಯಶವಂತ ಡಾಕ್ಟರು. ಊರ ಹೊರಗೆ ರೋಗಿಗಳಿಗೆ ಆಸ್ಪತ್ರೆ ಮಾಡಿಸಿದರು. ಮುಂಢ್ವಾ ಊರಿನ ಮಹಾರ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗು ಅಂತ ಗೊತ್ತಾದಾಗ, ಅವನನ್ನ ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ತಂದರು. ಹುಡುಗ ಬದುಕಿದ. ಅದೇ ಪ್ಲೇಗಿನಿಂದ ಮಾರ್ಚ್ 10ರಂದು ಸಾವಿತ್ರಿಬಾಯಿ ತೀರಿಕೊಂಡರು. ನಾವೂ ಹಾಗೆ ಸಾಯಬೇಕು ಅಂತ ನಾನು ಹೇಳ್ತಿಲ್ಲ. ನನ್ನ ಚಾಪೆ ಒಂದು ಮೊಳ ಆಚೆಗೆ ಹೋಗಿತ್ತಲ್ಲ, ಅದನ್ನ ನೆನೆಸಿಕೊಂಡು ಹೇಳ್ತಿದ್ದೀನಿ.

ಕಾನೂನು ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಾಯಿತು. ಅದರ 5ನೇ ಕಲಮಿನಲ್ಲಿ ಆಸ್ಪತ್ರೆ, ಔಷಧಾಲಯ, ಶಾಲೆ, ಹಾಸ್ಟೆಲು ಎಲ್ಲಾ ಒಂದೇ ಉಸಿರಿನಲ್ಲಿ ಬರುತ್ತವೆ. ಅಸ್ಪೃಶ್ಯತೆಯ ಕಾರಣಕ್ಕೆ ಒಳಗೆ ಬಿಡದಿದ್ದರೂ ಅಪರಾಧ, ಒಳಗೆ ಬಿಟ್ಟುಕೊಂಡು ಭೇದ ಮಾಡಿದರೂ ಅಪರಾಧ. ಈ ಎರಡನೇದು ನೆನಪಿರಲಿ. ಈಗ ಬಹಳ ಕಡೆ ಬಾಗಿಲು ತೆರೆದಿದೆ, ಬೆಂಚು ಮಾತ್ರ ಬೇರೆ.

ನಮ್ಮೊಳಗಿನದನ್ನೂ ಹೇಳಿಬಿಡ್ತೀನಿ, ಬೇಜಾರಾದರೆ ಆಗಲಿ. ಇದೇ ಹಾಸ್ಟೆಲುಗಳಲ್ಲಿ ಎಡಗೈ ಬಲಗೈ ಅಂತ ಚಾಪೆ ಬೇರೆ ಹಾಕುವವರಿದ್ದಾರೆ. ನೀರು ಕುಡಿದ ಲೋಟ ತೊಳೆದಿಡುವವರಿದ್ದಾರೆ. ಹುಳುವಿಗೆ ಎಡ ಬಲ ಗೊತ್ತಿಲ್ಲ.

ಈಗ ಕೆಲಸದ ಮಾತು. ಯಾರಿಗೆ ರಾತ್ರಿ ಹೊತ್ತು ತುರಿಕೆ ಜಾಸ್ತಿಯೋ ಅವರು ಮುಚ್ಚಿಡಬೇಡಿ. ನಾಳೆ ಒಬ್ಬೊಬ್ಬರೇ ಹೋಗಬೇಡಿ, ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಕೋಣೆಯ ಎಲ್ಲರಿಗೂ ಒಂದೇ ದಿನ ಔಷಧಿ ಬೇಕು ಅಂತ ಕೇಳೋಣ. ಪರ್ಮೆಥ್ರಿನ್ ಮುಲಾಮು ಕೊಟ್ಟರೆ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿ ಕೂಡ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೀಬೇಕು. ವಾರ ಬಿಟ್ಟು ಇನ್ನೊಂದು ಸಲ. ಅವತ್ತೇ ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯೋಕೆ ಆಗದ್ದನ್ನ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮೈ ಸಿಕ್ಕದೆ ಹುಳು ಎರಡು ಮೂರು ದಿನಕ್ಕಿಂತ ಬದುಕೋದಿಲ್ಲ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಹೆದರಬೇಡಿ. ಆದರೆ ಕೆರೆದ ಗಾಯ ಕೀವಾದರೆ ಬಿಡಬೇಡಿ, ಅದರಿಂದ ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಮುಖ ಊದಿದರೆ, ಮೂತ್ರ ಕೆಂಪಗಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಆಮೇಲೆ ಅರ್ಜಿ. ಈ ಕಟ್ಟಡಕ್ಕೆ ಮಂಜೂರಾದ ಹುಡುಗರ ಸಂಖ್ಯೆ ಎಷ್ಟು, ಇರೋದು ಎಷ್ಟು, ಮಂಚ ಎಷ್ಟು, ಹೋದ ವರ್ಷ ಡಾಕ್ಟರು ಎಷ್ಟು ಸಲ ಬಂದು ನೋಡಿದರು, ಹೊದಿಕೆಗೆ ಬಂದ ಹಣ ಎಲ್ಲಿ ಹೋಯಿತು? 2005ರ ಮಾಹಿತಿ ಹಕ್ಕಿನ ಕಾಯಿದೆ ಪ್ರಕಾರ ಇಷ್ಟನ್ನೂ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಬಿ.ಪಿ.ಎಲ್. ಕಾರ್ಡು ಇದ್ದರೆ ಅದೂ ಬೇಡ. ಒಬ್ಬನ ಹೆಸರಲ್ಲಿ ಹಾಕಿದರೆ ಅವನೊಬ್ಬನನ್ನ ಕರೆದು ಗದರಿಸುತ್ತಾರೆ. ಅದಕ್ಕೆ ಕೋಣೆಗೊಂದರಂತೆ ಎಲ್ಲಾ ಕೋಣೆಯಿಂದಲೂ ಅರ್ಜಿ ಹೋಗಲಿ.

ನನ್ನ ಪಕ್ಕದ ಚಾಪೆಯವನು ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದ. ಮಗಳನ್ನ ಎತ್ತಿಕೊಂಡಿದ್ದ. ಗೂಡಿನಲ್ಲಿ ದಿನಕ್ಕೆ ಎಷ್ಟು ಇಟ್ಟಿಗೆ, ಸಾವಿರಕ್ಕೆ ಎಷ್ಟು ಕೂಲಿ, ಮಾಲೀಕ ಎಷ್ಟು ಮುರೀತಾನೆ ಅಂತ ಒಂದೇ ಉಸಿರಿನಲ್ಲಿ ಲೆಕ್ಕ ಹೇಳಿದ. ಒಂದು ಪೈಸೆ ತಪ್ಪಿಲ್ಲ. ಚಾಪೆಯ ವಿಷಯ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಊಟದ ಗಂಟೆ ಹೊಡೀತಾ ಇದೆ. ಹೋಗುವ ಮೊದಲು ಹೆಸರು ಬರೆದುಕೊಳ್ಳೋಣ. ನಾಳೆ ಆಸ್ಪತ್ರೆಗೆ ಬರೋರು ಯಾರು ಯಾರು?