ಸಂಗಮಯಾತ್ರೆಯ ಸ್ಮರಣೆ



1984ರಲ್ಲಿ ನಮ್ಮ ಪಾಠಶಾಲೆಯ ವಿದ್ಯಾರ್ಥಿಸಂಘವು ಕೂಡಲಸಂಗಮಕ್ಕೆ ಯಾತ್ರೆ ಹೊರಟಿತು. ಆಬಾಲ್ಯಮಿತ್ರರಾದ ನಾವು ಮೂವರು ಒಂದೇ ಬುತ್ತಿಯ ಪಾಲುಗಾರರು. ಕೃಷ್ಣೆ ಮಲಪ್ರಭೆಯರು ಕೂಡುವೆಡೆಯಲ್ಲಿ ಮಿಂದು ಗಂಟು ಬಿಚ್ಚಿದರೆ, ರೊಟ್ಟಿಯೊಂದೂ ಇಲ್ಲ! ಅದನ್ನು ಹೊತ್ತಿದ್ದ ಮಿತ್ರನು ದಾರಿಯಲ್ಲಿ ಹಸಿದ ಮುದುಕಿಗೂ ಅವಳ ಮೊಮ್ಮಕ್ಕಳಿಗೂ ಎಲ್ಲವನ್ನು ಕೊಟ್ಟಿದ್ದನು. ನಾನು ಸಿಡಿದು, "ನಮ್ಮ ಪಾಲನ್ನು ಕೊಡಲು ನೀನಾರು?" ಎಂದೆನು. ಅವನು ಮರುಮಾತಾಡಲಿಲ್ಲ.

ಬಳಿಕ ಬಸವಣ್ಣನವರ ಐಕ್ಯಮಂಟಪಕ್ಕೆ ಹೋದೆವು. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಮುಟ್ಟದಂತೆ ಅದರ ಸುತ್ತಲೂ ಬಾವಿಯ ತೆರನಾಗಿ ಗೋಡೆಯನ್ನೆತ್ತಿರುವರು. ಮೆಟ್ಟಿಲುಗಳನ್ನಿಳಿಯುವಾಗ ಹಸಿವಿನಿಂದ ತಲೆಸುತ್ತಿದ ನನ್ನ ಕೈಯನ್ನು ಹಿಡಿದವನು ಅವನೇ. ದಾಸೋಹವೆಂಬ ಪದದ ಅರ್ಥವನ್ನು ಗುರುಗಳಲ್ಲಿ ಓದಿ, ಬಲ್ಲೆನೆಂದು ಹೆಮ್ಮೆಪಟ್ಟಿದ್ದೆನು. ಅದು ಅನುಭವಕ್ಕೆ ಬಂದುದು ಆ ಕೈಯಿಂದ.

ಕ್ಷಮೆ ಬೇಡಬೇಕೆಂದು ಅನೇಕ ವರ್ಷ ಎಣಿಸಿದೆನು. ಅಷ್ಟರಲ್ಲಿ ಅವನು ಲಿಂಗೈಕ್ಯನಾದನು. ಆದುದರಿಂದ ಈ ಮಠದ ಪಂಕ್ತಿಯಲ್ಲಿ ಬಡಿಸುವಾಗಲೆಲ್ಲ ಮೊದಲ ರೊಟ್ಟಿಯನ್ನು ಗುರುತಿಲ್ಲದವರಿಗೇ ನೀಡುತ್ತೇನೆ. ಮಿತ್ರರಿರುವಾಗಲೇ ಹೇಳಬೇಕಾದುದನ್ನು ಹೇಳಿಬಿಡಿರೆಂಬುದೇ ನನ್ನ ಬಿನ್ನಹ.