ಬೂದಿದಿಬ್ಬ ನುಡಿಯುವ ಸಾಕ್ಷಿ



ಹಂಪಿಯ ಬಳಿಯ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ಅದು ವಾಲಿಯ ಚಿತಾಭಸ್ಮವೆಂಬುದು ಜನರ ನಂಬಿಕೆ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂಥ ದಿಬ್ಬಗಳು ಹಲವು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಕೆಲವರು ಇವನ್ನು ಜ್ವಾಲಾಮುಖಿಯ ಶೇಷವೆಂದರು. ಇನ್ನು ಕೆಲವರು ಲೋಹ ಕರಗಿಸಿದ ಕಿಟ್ಟವೆಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಮಾತ್ರ ಇವು ದನದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ವಾದಿಸಿದರು.

ಈ ಊಹೆಗೆ ಗಟ್ಟಿಯಾದ ಆಧಾರ ದೊರೆತುದು ಉತ್ಖನನದಿಂದ. 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಪದರ ಪದರವಾಗಿ ಬಿಡಿಸಿದರು. ಬೇಲಿಯ ಗೂಟ ಕೊಳೆತು ಹೋದರೂ ಅದು ನಿಂತಿದ್ದ ಕುಳಿಯ ಮಣ್ಣು ಬಣ್ಣದಲ್ಲಿ ಬೇರೆಯಾಗಿ ಉಳಿಯುತ್ತದೆ. ಅಂಥ ಕುಳಿಗಳ ಸಾಲುಗಳೂ ದನಗಳ ಗೊರಸಿನ ಗುರುತುಗಳೂ ಅಲ್ಲಿ ಕಂಡವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳ ದೊಡ್ಡಿ ಹೀಗೆ ಬೆಳಕಿಗೆ ಬಂದಿತು. ಆದರೆ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಬೂದಿದಿಬ್ಬದ ಪಕ್ಕದಲ್ಲಿಯೇ ಮನೆಗಳ ನೆಲೆಯನ್ನೂ ಮಕ್ಕಳ ಸಮಾಧಿಗಳನ್ನೂ ಪತ್ತೆಹಚ್ಚಿದರು. ಅದು ಬರಿಯ ದೊಡ್ಡಿಯಲ್ಲ, ಜನರು ಬಾಳಿ ಬದುಕಿದ ಊರು ಎಂಬುದು ಸ್ಪಷ್ಟವಾಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಲ್ಲುಕೊಡಲಿಯನ್ನು ಎತ್ತಿ ಕಪಾಟಿನಲ್ಲಿಟ್ಟರೆ ಅದು ಒಂದು ಕಲ್ಲು ಮಾತ್ರ. ಯಾವ ಪದರದಲ್ಲಿ, ಯಾವ ಮಡಕೆಚೂರಿನ ಜೊತೆಗೆ, ಎಷ್ಟು ಆಳದಲ್ಲಿ ಅದು ಬಿದ್ದಿತ್ತೆಂಬುದೇ ನಿಜವಾದ ಸಾಕ್ಷ್ಯ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಕರಕಲು ಕಾಳುಗಳನ್ನು ಸೋಸಿ ತೆಗೆದುದರಿಂದಲೇ ಅಂದಿನವರು ಹುರುಳಿ, ಹೆಸರು ಉಣ್ಣುತ್ತಿದ್ದರೆಂದು ತಿಳಿದುಬಂದಿದೆ. ಕದಲಿದ ಮಣ್ಣು ಈ ಕಥೆಯನ್ನು ಹೇಳಲಾರದು.

ಅದೇ ಪರಿಸರದ ಕಪ್ಪಗಲ್ಲು ಗುಡ್ಡದಲ್ಲಿ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಬಡಿದರೆ ನಾದ ಹೊಮ್ಮುವ ಬಂಡೆಗಳೂ ಇವೆ. 2004ರಲ್ಲಿ ಪ್ರಕಟವಾದ ಅಧ್ಯಯನವು ಇವುಗಳಿಗೆ ಕಲ್ಲುಗಣಿಗಾರಿಕೆಯಿಂದ ಒದಗಿದ ಅಪಾಯವನ್ನು ಎತ್ತಿ ತೋರಿಸಿತು. ಕಡಿದ ಕಾಡು ಕೆಲವೊಮ್ಮೆಯಾದರೂ ಮರಳಿ ಚಿಗುರೀತು. ಸಿಡಿಸಿದ ಬಂಡೆ ಚಿಗುರದು, ಕಲಕಿದ ಪದರ ಮತ್ತೆ ಕೂಡದು.

ಆದುದರಿಂದ ಪಾಯ ತೋಡುವಾಗಲೋ ನೇಗಿಲು ಹೂಡುವಾಗಲೋ ಹಳೆಯ ಮಡಕೆ, ಬೂದಿ, ಕಲ್ಲಿನ ಆಯುಧ ಕಂಡರೆ ಅದನ್ನು ಇದ್ದಲ್ಲಿಯೇ ಬಿಟ್ಟು, ಸ್ಥಳವನ್ನೂ ಆಳವನ್ನೂ ಬರೆದಿಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಊರವರ ಕರ್ತವ್ಯ. ಗುಡ್ಡವನ್ನು ಉಳಿಸಬೇಕೆನ್ನುವವರು ಅದರ ನೀರು, ಹಸಿರುಗಳೊಡನೆ ಅದರೊಳಗಿನ ಈ ಲಿಪಿಯಿಲ್ಲದ ಕಡತವನ್ನೂ ಲೆಕ್ಕಕ್ಕೆ ಹಿಡಿಯಲಿ.