ಪ್ರೌಢ ವಯಸ್ಸಿನಲ್ಲಿ ಆಟಿಸಂ: ಇಂದ್ರಿಯಗಳ ಹೊರೆ ಮತ್ತು ಆಸರೆಯ ದಾರಿ



ಹೈದರಾಬಾದ್ ಸದ್ದುಗದ್ದಲಗಳ ಮಹಾನಗರ. ಚಾರ್‌ಮಿನಾರ್ ಸುತ್ತಲಿನ ವಾಹನಗಳ ಹಾರ್ನು, ಆಷಾಢಮಾಸದ ಬೋನಾಲು ಹಬ್ಬದ ವಾದ್ಯಘೋಷ, ಗಣೇಶ ವಿಸರ್ಜನೆಯಂದು ಹುಸೇನ್ ಸಾಗರದ ದಂಡೆಯಲ್ಲಿ ಸೇರುವ ಜನಸಾಗರ, ಸಂಜೆಯ ಹೊತ್ತು ಅಮೀರ್‌ಪೇಟೆಯ ಮೆಟ್ರೋ ನಿಲ್ದಾಣದ ನೂಕುನುಗ್ಗಲು - ಇವೆಲ್ಲ ಬಹುಪಾಲು ನಾಗರಿಕರಿಗೆ ನಿತ್ಯದ ಸಂಗತಿಗಳು. ಆದರೆ ಇದೇ ಸದ್ದು, ಇದೇ ಬೆಳಕು, ಇದೇ ಸ್ಪರ್ಶವು ದೇಹಕ್ಕೆ ನಿಜವಾದ ನೋವಾಗಿ ಪರಿಣಮಿಸುವ ಜನರೂ ಇದ್ದಾರೆ. ಅವರಲ್ಲಿ ಹಲವರಿಗೆ ತಮ್ಮ ಈ ಸ್ಥಿತಿಗೆ ಒಂದು ಹೆಸರಿದೆಯೆಂಬುದು ತಿಳಿಯುವುದು ಮೂವತ್ತು, ನಲವತ್ತು ವರ್ಷಗಳು ಕಳೆದ ಮೇಲೆ. ಆ ಹೆಸರು ಆಟಿಸಂ, ಅಂದರೆ ಸ್ವಲೀನತೆ.

ಉದಾಹರಣೆಗಾಗಿ, ಹೈದರಾಬಾದಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ, ಬೀದರ್ ಜಿಲ್ಲೆಯಿಂದ ಬಂದ 38 ವರ್ಷದ ನೌಕರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಮಿನುಗುವ ಟ್ಯೂಬ್‌ಲೈಟಿನ ಕೆಳಗೆ, ಹತ್ತಾರು ಮಂದಿ ಒಟ್ಟಿಗೆ ಮಾತನಾಡುವ ಕೊಠಡಿಯಲ್ಲಿ ಮಧ್ಯಾಹ್ನದವರೆಗೆ ಕುಳಿತರೆ ಅವನ ತಲೆ ಸಿಡಿಯತೊಡಗುತ್ತದೆ. ಮದುವೆ ಮನೆಯಲ್ಲಿ ಬ್ಯಾಂಡ್ ಆರಂಭವಾದೊಡನೆ ಅವನು ಹೊರಗೆ ಹೋಗುತ್ತಾನೆ. ಬಾಲ್ಯದಲ್ಲಿ ಅವನನ್ನು ಹಟಮಾರಿ ಎಂದರು. ಯೌವನದಲ್ಲಿ ಗರ್ವಿಷ್ಠ ಎಂದರು. ವಿವಾಹಾನಂತರ ಮನೆಯವರ ಮೇಲೆ ಪ್ರೀತಿಯಿಲ್ಲದವನು ಎಂದರು. ಕೊನೆಗೆ ಅವನೂ ಅದನ್ನೇ ನಂಬಿದನು. ಇಂತಹ ವ್ಯಕ್ತಿಗೆ ತಡವಾಗಿಯಾದರೂ ದೊರೆಯುವ ರೋಗನಿರ್ಣಯವು ಹೊಸ ಕಾಯಿಲೆಯೊಂದನ್ನು ತಂದು ಹೊರಿಸುವುದಿಲ್ಲ. ಹುಟ್ಟಿನಿಂದಲೂ ಇದ್ದ ಸ್ಥಿತಿಯೊಂದಕ್ಕೆ ಸರಿಯಾದ ಹೆಸರನ್ನು ಕೊಟ್ಟು, ತಪ್ಪು ಹೆಸರುಗಳ ಭಾರವನ್ನು ಇಳಿಸುತ್ತದೆ.

ನಿರ್ಣಯವು ಇಷ್ಟು ತಡವಾಗುವುದಕ್ಕೆ ಐತಿಹಾಸಿಕ ಕಾರಣವೂ ಇದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂದಿತು. ಆ ಮಕ್ಕಳಲ್ಲಿ ಕೆಲವರು ಯಂತ್ರಗಳ ಸದ್ದಿಗೆ, ಲಿಫ್ಟಿನ ಚಲನೆಗೆ ಬೆದರುತ್ತಿದ್ದರೆಂದು ಅವರು ಅಂದೇ ದಾಖಲಿಸಿದ್ದರು. ಆದರೂ ಇಂದ್ರಿಯಗಳ ಅತಿಸೂಕ್ಷ್ಮತೆ ಅಥವಾ ಮಂದತೆಗೆ ರೋಗನಿರ್ಣಯದ ಲಕ್ಷಣಗಳಲ್ಲಿ ಸ್ಪಷ್ಟವಾದ ಸ್ಥಾನ ದೊರೆತದ್ದು 70 ವರ್ಷಗಳ ನಂತರ, 2013ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ. ಇದಲ್ಲದೆ ಆಟಿಸಂ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಬಹುಕಾಲ ಬೇರೂರಿತ್ತು. ವಾಸ್ತವದಲ್ಲಿ ಕ್ಯಾನರ್ ಅವರು ವರ್ಣಿಸಿದ ಮೊದಲನೆಯ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ಬೆಳೆದು, ತಮ್ಮ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಹಲವು ದೇಶಗಳನ್ನು ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ನಿಧನರಾದರು. ಊರಿನ ಜನ ಅವರನ್ನು ಅವರಿದ್ದಂತೆಯೇ ಒಪ್ಪಿಕೊಂಡಿದ್ದರು.

ಇಂದ್ರಿಯಗಳು ಐದೆಂದು ಶಾಲೆಯಲ್ಲಿ ಕಲಿಸುತ್ತಾರೆ. ಇವಲ್ಲದೆ ದೇಹದ ಸಮತೋಲವನ್ನು ತಿಳಿಸುವ ಅರಿವು, ಕೈಕಾಲುಗಳು ಎಲ್ಲಿವೆಯೆಂದು ಸ್ನಾಯು-ಕೀಲುಗಳ ಮೂಲಕ ತಿಳಿಸುವ ಅರಿವು, ಹಸಿವು, ಬಾಯಾರಿಕೆ, ಎದೆಬಡಿತಗಳನ್ನು ತಿಳಿಸುವ ಒಳ ಅರಿವು - ಇವೂ ಇವೆ. ಹಲವು ಸದ್ದುಗಳ ನಡುವೆ ಬೇಕಾದ ಒಂದನ್ನು ಆರಿಸಿಕೊಂಡು ಉಳಿದವನ್ನು ಹಿಂದಕ್ಕೆ ಸರಿಸುವ ಕೆಲಸವನ್ನು ಸಾಮಾನ್ಯವಾಗಿ ಮಿದುಳು ತಾನಾಗಿಯೇ ಮಾಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ಜರಡಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಫ್ಯಾನಿನ ಸದ್ದು, ಅಂಗಿಯ ಪಟ್ಟಿಯ ಚುಚ್ಚುವಿಕೆ, ಫಿನಾಯಿಲಿನ ವಾಸನೆ, ಎದುರಿಗಿರುವವರ ಮಾತು ಎಲ್ಲವೂ ಏಕಕಾಲಕ್ಕೆ ಸಮಾನ ತೀವ್ರತೆಯಿಂದ ಬಂದು ಎರಗುತ್ತವೆ. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ನೋವು, ಹಸಿವು ಮುಂತಾದವು ತಡವಾಗಿ ಅರಿವಿಗೆ ಬರುತ್ತವೆ. ಒಬ್ಬರಲ್ಲಿಯೇ ಎರಡೂ ಬಗೆ ಇರಬಹುದು. ಭಾರ ಮಿತಿಮೀರಿದಾಗ ಕೆಲವರು ಅಳುತ್ತಾರೆ ಅಥವಾ ಕೂಗಾಡುತ್ತಾರೆ. ಕೆಲವರು ಮಾತೇ ಹೊರಡದೆ ಸ್ತಬ್ಧರಾಗುತ್ತಾರೆ. ಇದು ನಟನೆಯೂ ಅಲ್ಲ, ಹಟವೂ ಅಲ್ಲ.

ಹೀಗಿರುವಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಭಾರವನ್ನು ಅಳೆಯುವುದು. ಎರಡು ಮೂರು ವಾರಗಳ ಕಾಲ ಚಿಕ್ಕದೊಂದು ದಿನಚರಿಯನ್ನು ಇಟ್ಟು, ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ, ಯಾವುದರಿಂದ ತೊಂದರೆಯಾಯಿತು, ಎಷ್ಟು ಹೊತ್ತಿನಲ್ಲಿ ಚೇತರಿಕೆಯಾಯಿತು ಎಂದು ಬರೆದಿಡುವುದು ಉಪಯುಕ್ತ. ಅನಂತರ ಪರಿಸರವನ್ನು ಬದಲಿಸಲು ಸಾಧ್ಯವಿರುವೆಡೆ ಬದಲಿಸಬೇಕು. ಮಿನುಗುವ ದೀಪಕ್ಕೆ ಬದಲಾಗಿ ಸ್ಥಿರವಾದ ಬೆಳಕು, ಪಟ್ಟಿ ಕತ್ತರಿಸಿದ ಮೆತ್ತನೆಯ ಹತ್ತಿಬಟ್ಟೆ, ಕಿಟಕಿಗೆ ದಪ್ಪ ಪರದೆ, ಅಡುಗೆ ಮನೆಯ ಒಗ್ಗರಣೆಯ ಹೊಗೆ ಹೊರಹೋಗಲು ವ್ಯವಸ್ಥೆ - ಇವು ಹೆಚ್ಚು ಖರ್ಚಿಲ್ಲದ ಕ್ರಮಗಳು. ಕಿವಿಗೆ ಹಾಕುವ ಬೆಣೆ ಅಥವಾ ಸದ್ದು ತಗ್ಗಿಸುವ ಹೆಡ್‌ಫೋನನ್ನು ಗದ್ದಲದ ಸ್ಥಳಗಳಲ್ಲಿ ಬಳಸಬಹುದು. ರಸ್ತೆ ದಾಟುವಾಗ ತೆಗೆಯಬೇಕು. ನಿಶ್ಶಬ್ದವಾದ ಮನೆಯಲ್ಲಿಯೂ ದಿನವಿಡೀ ಧರಿಸಿದರೆ ಕಿವಿಯ ಸೂಕ್ಷ್ಮತೆ ಹೆಚ್ಚುವ ಸಂಭವವಿದೆ. ಪ್ರಯಾಣವನ್ನು ಜನಸಂದಣಿ ಕಡಿಮೆಯಿರುವ ವೇಳೆಗೆ ಹೊಂದಿಸಿಕೊಳ್ಳುವುದು, ಸಮಾರಂಭಕ್ಕೆ ಹೋಗುವ ಮುನ್ನವೇ ಹೊರಬರುವ ದಾರಿಯನ್ನು ಗೊತ್ತುಪಡಿಸಿಕೊಳ್ಳುವುದು, ಹಿಂದಿರುಗಿದ ಮೇಲೆ ವಿಶ್ರಾಂತಿಗೆ ಸಮಯ ಮೀಸಲಿಡುವುದು ಸಹ ಅಷ್ಟೇ ಮುಖ್ಯ. ಆಟಿಸಂ ಅನ್ನು ಗುಣಪಡಿಸುವ ಔಷಧಿಯಿಲ್ಲ. ಹಾಗೆ ಭರವಸೆ ಕೊಡುವವರನ್ನು ನಂಬಬಾರದು. ಜೊತೆಗಿರುವ ನಿದ್ರಾಹೀನತೆ, ಆತಂಕ, ಖಿನ್ನತೆಗಳಿಗೆ ಮಾತ್ರ ಚಿಕಿತ್ಸೆಯುಂಟು. ಸದ್ದಿನ ತೊಂದರೆ ಇದ್ದಕ್ಕಿದ್ದಂತೆ ಹೊಸದಾಗಿ ಆರಂಭವಾದರೆ ಕಿವಿಯ ತಜ್ಞರನ್ನು ಕಾಣಬೇಕು.

ಎರಡನೆಯ ಆಸರೆ ಕುಟುಂಬದ್ದು. ಭಾರ ಮಿತಿಮೀರಿದ ಹೊತ್ತಿನಲ್ಲಿ ಉಪದೇಶ ಬೇಡ, ಪ್ರಶ್ನೆಗಳ ಮಳೆ ಬೇಡ. ಕೇಳದೆ ಮುಟ್ಟಬಾರದು. ದೀಪ ತಗ್ಗಿಸಿ, ದೂರದರ್ಶನವನ್ನು ಆರಿಸಿ, ನೀರು ಕೊಟ್ಟು, ಸಮಯ ಕೊಡುವುದೇ ಉಪಚಾರ. ಪತಿ ಅಥವಾ ಪತ್ನಿ ಅಪ್ಪುಗೆಯಿಂದ ಹಿಂದೆ ಸರಿದರೆ ಅದು ಚರ್ಮದ ಮಾತು, ಮನಸ್ಸಿನ ಮಾತಲ್ಲ ಎಂಬುದನ್ನು ಅರಿತ ಮನೆಯಲ್ಲಿ ಎಷ್ಟೋ ಕಲಹಗಳು ಹುಟ್ಟುವುದೇ ಇಲ್ಲ. ಅಂತೆಯೇ ಆಟಿಸಂ ಇರುವವರೂ ತಮಗೆ ಬೇಕಾದುದನ್ನು ಸಮಾಧಾನದ ವೇಳೆಯಲ್ಲಿ ಮನೆಯವರಿಗೆ ತಿಳಿಸಿ, ಬರೆದಿಡುವುದು ಒಳ್ಳೆಯದು.

ಮೂರನೆಯ ಆಸರೆ ಸಂಸ್ಥೆಗಳದ್ದು. ಈ ವಿಷಯದಲ್ಲಿ ಹೈದರಾಬಾದಿಗೆ ವಿಶೇಷ ಸ್ಥಾನವಿದೆ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಕೇಂದ್ರ ಸರ್ಕಾರವು ಸ್ಥಾಪಿಸಿದ, ಈಗ ನೀಪಿಡ್ ಎಂದು ಕರೆಯಲ್ಪಡುವ ರಾಷ್ಟ್ರೀಯ ಸಂಸ್ಥೆಯು ಭಾರತೀಯ ಆಟಿಸಂ ಮೌಲ್ಯಮಾಪನ ಮಾಪಕವನ್ನು ರೂಪಿಸಿತು. ಅದರ 40 ಅಂಶಗಳು ಆರು ವಿಭಾಗಗಳಲ್ಲಿದ್ದು, ಇಂದ್ರಿಯಗಳಿಗೆ ಸಂಬಂಧಿಸಿದ ಅಂಶಗಳಿಗಾಗಿಯೇ ಒಂದು ವಿಭಾಗವಿದೆ. ನಿರ್ಣಯಕ್ಕಾಗಿ ಮನೋವೈದ್ಯರನ್ನು ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಕಾಣಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಜ್ಞರು ಬಾಲ್ಯದ ವಿವರಗಳನ್ನು ಅವಶ್ಯವಾಗಿ ಕೇಳುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಗಳಿಂದ ಇಂದಿಗೂ ಜನರು ಉದ್ಯೋಗಕ್ಕೆ, ಚಿಕಿತ್ಸೆಗೆ ಈ ನಗರಕ್ಕೆ ಬರುತ್ತಾರೆ. ಕನ್ನಡ ಮಾತ್ರ ಬಲ್ಲ ತಾಯಿಯು ಮಗನ ಬಾಲ್ಯವನ್ನು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ವಿವರಿಸಲಾರಳು. ಆದುದರಿಂದ ಆಕೆ ಹೇಳಿದ್ದನ್ನು ಮುಂಚಿತವಾಗಿ ಬರೆದುಕೊಂಡು, ಎರಡು ಭಾಷೆ ಬಲ್ಲ ಬಂಧುವೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಉಚಿತ.

ಕಾನೂನಿನ ಬೆಂಬಲವೂ ಹಂತಹಂತವಾಗಿ ಬಂದಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಸೇರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಹೆಸರಿಸಿತು. ಆ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯುಂಟು. 2016ರ ದಿವ್ಯಾಂಗರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಆಟಿಸಂ ಒಂದು. ಈ ಕಾಯಿದೆಯ ಪ್ರಕಾರ ಸರ್ಕಾರಿ ಕಚೇರಿಗಳು ಇಂತಹ ನೌಕರರಿಗೆ ಸೂಕ್ತ ಹೊಂದಾಣಿಕೆಗಳನ್ನು ಒದಗಿಸಬೇಕು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಕೊಠಡಿಯ ಮೂಲೆಯಲ್ಲೊಂದು ಮೇಜು, ಬೇರೆ ದೀಪ, ಬಾಯಿಮಾತಿನ ಬದಲು ಬರಹದ ಸೂಚನೆ, ಸ್ವಲ್ಪ ಬೇಗ ಬಂದು ಬೇಗ ಹೊರಡುವ ಅನುಮತಿ - ಮೇಲೆ ಹೇಳಿದ ಲೆಕ್ಕಿಗನಿಗೆ ಬೇಕಾದುದು ಇಷ್ಟೇ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವಿದ್ದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿಯೂ ಲಭ್ಯ. ಪ್ರಮಾಣಪತ್ರ ಪಡೆಯುವುದು, ಬಿಡುವುದು ಆಯಾ ವ್ಯಕ್ತಿಯ ಇಚ್ಛೆ.

ಇನ್ನು ಸದ್ದಿನ ಪಿಡುಗನ್ನು ಆಟಿಸಂ ಇರುವವರೊಬ್ಬರೇ ಸಹಿಸಬೇಕಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ಇದರ ಪಾಲನೆಯು ಶಿಶುಗಳಿಗೂ, ವೃದ್ಧರಿಗೂ, ರೋಗಿಗಳಿಗೂ ಹಿತಕರ.

ನಿರ್ಣಯದ ನಂತರದ ದಿನಗಳಲ್ಲಿ ಸಮಾಧಾನದೊಡನೆ ದುಃಖವೂ ಬರುತ್ತದೆ. ಮೊದಲೇ ತಿಳಿದಿದ್ದರೆ ಎಂಬ ಹಳಹಳಿಕೆ ಕಾಡುತ್ತದೆ. ಹತಾಶೆ ಆಳವಾದರೆ, ಬದುಕು ಬೇಡವೆನಿಸಿದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವ ಅವಕಾಶವಿದೆ. ಇದೇ ಅನುಭವವುಳ್ಳ ಇತರರೊಡನೆ ಮಾತನಾಡುವುದರಿಂದಲೂ ಧೈರ್ಯ ದೊರೆಯುತ್ತದೆ.

ಹೈದರಾಬಾದಿನ ಕನ್ನಡ ಸಂಘಗಳು ಈ ದಿಕ್ಕಿನಲ್ಲಿ ಒಂದು ಸಣ್ಣ ಹೆಜ್ಜೆಯನ್ನು ಇಡಬಹುದು. ರಾಜ್ಯೋತ್ಸವದ ಸಮಾರಂಭದಲ್ಲಿ ಧ್ವನಿವರ್ಧಕದಿಂದ ದೂರವಾದ ಕೊಠಡಿಯೊಂದನ್ನು ತೆರೆದು, ಅದರ ಬಾಗಿಲಿಗೆ 'ವಿಶ್ರಾಂತಿ ಕೊಠಡಿ' ಎಂದು ಬರೆದರೆ ಸಾಕು. ಪ್ರತಿವರ್ಷವೂ ಅರ್ಧದಲ್ಲಿಯೇ ಎದ್ದುಹೋಗುತ್ತಿದ್ದವರು ಅಲ್ಲಿ ಹತ್ತು ನಿಮಿಷ ಕುಳಿತು, ಮತ್ತೆ ಬಂದು ತಮ್ಮವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ.